ಹೆಗಲ ಹಲಗೆ ಮುರಿದಾಗ

ಬೆನ್ನಿನ ಮೇಲ್ಭಾಗದಲ್ಲಿ, ಬೆನ್ನೆಲುಬಿನ ಎರಡೂ ಬದಿಗೆ, ಎರಡನೆಯ ಪಕ್ಕೆಲುಬಿನಿಂದ ಏಳನೆಯದರವರೆಗೆ ಹರಡಿಕೊಂಡಿರುವ ಚಪ್ಪಟೆಯಾದ ಮುಕ್ಕೋನದ ಮೂಳೆಯೇ ಹೆಗಲ ಹಲಗೆ. ವೈದ್ಯರು ಇದನ್ನು ಸ್ಕ್ಯಾಪುಲಾ ಎನ್ನುತ್ತಾರೆ. ಇದರ ನಡುಭಾಗ ಬಹಳ ತೆಳು. ಒಣಗಿದ ಮೂಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಬೆಳಕು ಈಚೆಗೂ ಕಾಣುತ್ತದೆ. ಅಂಚುಗಳು ಮಾತ್ರ ದಪ್ಪ. ಬೆನ್ನ ಕಡೆಯ ಮುಖದ ಮೇಲೆ ಅಡ್ಡಲಾಗಿ ಒಂದು ಏಣು ಹಾದುಹೋಗಿ, ಹೆಗಲ ತುದಿಯಲ್ಲಿ ಚಾಚಿಕೊಂಡು, ಮುಂದಿನಿಂದ ಬರುವ ಕೊರಳೆಲುಬನ್ನು ಸೇರುತ್ತದೆ. ಹೊರ ಮೂಲೆಯಲ್ಲಿ ಆಳವಿಲ್ಲದ ಒಂದು ಕುಳಿಯಿದೆ. ತೋಳಿನ ಮೂಳೆಯ ಗುಂಡು ತಲೆ ಕೂರುವುದು ಅಲ್ಲಿಯೇ, ಹೆಚ್ಚುಕಡಿಮೆ ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ. ಕುಳಿ ಆಳವಾಗಿಲ್ಲದ್ದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದೇ ಕಾರಣಕ್ಕೆ ಭುಜ ಸುಲಭವಾಗಿ ಜಾರುತ್ತದೆ ಕೂಡ.

ಹಲಗೆಗೆ ಅಂಟಿಕೊಂಡ ಸ್ನಾಯುಗಳು ಹದಿನೇಳು. ಇದಕ್ಕೂ ಎದೆಗೂಡಿಗೂ ನಡುವೆ ಮೂಳೆಯ ಕೀಲಿಲ್ಲ, ಸ್ನಾಯುಗಳ ಹಾಸಿನ ಮೇಲೆ ಅದು ಜಾರಾಡುತ್ತದೆ. ಕೈಯನ್ನು ನೇರವಾಗಿ ತಲೆಯ ಮೇಲಕ್ಕೆ ಎತ್ತಿದಾಗ ಆಗುವ 180 ಡಿಗ್ರಿ ಚಲನೆಯಲ್ಲಿ ಸುಮಾರು 120 ಭುಜದ ಕೀಲಿನದು, ಉಳಿದ 60 ಈ ಹಲಗೆಯದು. ಹಲಗೆ ಅಲುಗಾಡದಿದ್ದರೆ ಕೀಲು ಎಷ್ಟೇ ಚೆನ್ನಾಗಿದ್ದರೂ ಅಟ್ಟದ ಮೇಲಿನ ಡಬ್ಬ ಕೈಗೆ ಸಿಗದು. ಮುರಿತದ ನಂತರದ ಚೇತರಿಕೆಯನ್ನು ಅರ್ಥಮಾಡಿಕೊಳ್ಳಲು ಈ ಲೆಕ್ಕ ಮುಖ್ಯ.

ಎಲ್ಲ ಮೂಳೆ ಮುರಿತಗಳಲ್ಲಿ ಹೆಗಲ ಹಲಗೆಯದು ನೂರಕ್ಕೆ ಒಂದಕ್ಕಿಂತ ಕಡಿಮೆ. ಹಿಂದೆ ಮುಂದೆ ದಪ್ಪ ಸ್ನಾಯುಗಳ ಹೊದಿಕೆಯಿದೆ, ಪೆಟ್ಟು ಬಿದ್ದಾಗ ಜಾರಿಕೊಳ್ಳುವ ಗುಣವೂ ಇದೆ. ಕೊರಳೆಲುಬು, ಮುಂಗೈ ಮುರಿಯುವಂಥ ಸಾಧಾರಣ ಬೀಳುಗಳಲ್ಲಿ ಇದು ಉಳಿದುಕೊಳ್ಳುತ್ತದೆ. ಆದ್ದರಿಂದ ಇದು ಮುರಿದಿದೆಯೆಂದರೆ ಬಿದ್ದ ಪೆಟ್ಟು ಸಾಮಾನ್ಯದ್ದಲ್ಲ. ಹೆಗಲ ಹಲಗೆ ಮುರಿದ ನೂರು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಬೇರೆ ಗಾಯವೂ ಇರುತ್ತದೆ: ಪಕ್ಕೆಲುಬು, ಶ್ವಾಸಕೋಶ, ಕೊರಳೆಲುಬು, ತಲೆ, ಬೆನ್ನೆಲುಬು, ಅಥವಾ ಕೈಗೆ ಹೋಗುವ ನರಗಳ ಗೊಂಚಲು. ಪ್ರಾಣಕ್ಕೆ ಎರವಾಗುವುದು ಹಲಗೆಯಲ್ಲ, ಅದರ ಜೊತೆಗಿರುವ ಈ ಗಾಯಗಳು.

ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ ಇಂಥ ಪೆಟ್ಟುಗಳಿಗೆ ಎಡೆಯಿರುವ ಊರು. ಗುಂಡ್ಲುಪೇಟೆಯಿಂದ ಬಂಡೀಪುರ ಹಾದು ಊಟಿಗೆ ಹೋಗುವ ಹೆದ್ದಾರಿ ಊರನ್ನು ಸೀಳಿಕೊಂಡು ಹೋಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ದಾರಿಯೂ ಇಲ್ಲಿಯದೇ. ಚೆಂಡುಹೂವು, ಸೂರ್ಯಕಾಂತಿ ಅರಳುವ ತಿಂಗಳುಗಳಲ್ಲಿ ಫೋಟೋಕ್ಕೆಂದು ರಸ್ತೆಬದಿ ನಿಲ್ಲುವ ಕಾರುಗಳು, ತರಕಾರಿ ಹೊತ್ತ ಪಿಕಪ್‌ಗಳು, ವಾರಾಂತ್ಯದ ಬೈಕು ಸವಾರರು, ಹೊಲದಿಂದ ಮನೆಗೆ ತಿರುಗುವ ಟ್ರ್ಯಾಕ್ಟರುಗಳು, ಎಲ್ಲವೂ ಒಂದೇ ಡಾಂಬರಿನ ಮೇಲೆ. 2009ರಿಂದ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಗೇಟು ಬೀಳುವುದರೊಳಗೆ ದಾಟಿಬಿಡಬೇಕೆಂಬ ಅವಸರ ಯಾರಿಗಾದರೂ ಬರಬಹುದಾದದ್ದೇ. ಇದರ ಮೇಲೆ ಮುಸ್ಸಂಜೆಯಲ್ಲಿ ರಸ್ತೆಗೆ ನುಗ್ಗುವ ಕಾಡುಹಂದಿ. ಬೈಕಿನಿಂದ ಹಾರಿ, ಹೆಗಲು ನೆಲಕ್ಕೆ ಅಪ್ಪಳಿಸುವಂತೆ ಬಿದ್ದಾಗ ಈ ಮೂಳೆ ಮುರಿಯುತ್ತದೆ. ತೆಂಗಿನ ಮರದಿಂದ, ಬೆಳೆ ಕಾಯುವ ಅಟ್ಟಣೆಯಿಂದ, ಹುಲ್ಲು ಹೇರಿದ ಗಾಡಿಯ ಮೇಲಿನಿಂದ ಬೆನ್ನ ಮೇಲೆ ಬಿದ್ದರೂ ಅಷ್ಟೇ. ಅಪರೂಪಕ್ಕೆ ಮೂರ್ಛೆರೋಗದ ಸೆಳೆತ ಅಥವಾ ವಿದ್ಯುತ್ ಆಘಾತದಲ್ಲಿ, ಹೊರಗಿನ ಪೆಟ್ಟೇ ಇಲ್ಲದೆ, ಸ್ನಾಯುಗಳು ಬಿಗಿದ ರಭಸಕ್ಕೆ ಹಲಗೆ ಬಿರಿಯುವುದುಂಟು. ವಯಸ್ಸಾದವರಲ್ಲಿ ಮೂಳೆ ಸವೆದಿದ್ದರೆ ಬಚ್ಚಲಲ್ಲಿ ಜಾರಿ ಬಿದ್ದು ಭುಜ ತಪ್ಪುವಾಗ ಕುಳಿಯ ಅಂಚು ಚೂರಾಗಿ ಒಡೆಯಬಹುದು.

ಮುರಿದವರು ಕೂರುವ ಭಂಗಿಯಲ್ಲೇ ಅನುಭವಿಗಳಿಗೆ ಸುಳಿವು ಸಿಗುತ್ತದೆ. ಪೆಟ್ಟಾದ ತೋಳನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಮೊಣಕೈಯನ್ನು ಹಿಡಿದುಕೊಂಡಿರುತ್ತಾರೆ. ತೋಳನ್ನು ಪಕ್ಕಕ್ಕೆ ಎತ್ತಲು ಬಿಡುವುದಿಲ್ಲ. ಬೆನ್ನ ಮೇಲೆ ಊತ, ತರಚು, ಒಂದೆರಡು ದಿನದಲ್ಲಿ ಕಪ್ಪುನೀಲಿ ಬಣ್ಣ. ಉಸಿರನ್ನು ಆಳವಾಗಿ ಎಳೆದರೆ ನೋವು, ಕೆಮ್ಮಿದರೆ ಇನ್ನೂ ನೋವು. ಕೈ ಮುರಿದಾಗ ಸೊಟ್ಟಗಾಗುವಂತೆ ಇಲ್ಲಿ ಆಕಾರವೇನೂ ಕೆಡುವುದಿಲ್ಲವಾದ್ದರಿಂದ ‘ಒಳಪೆಟ್ಟು, ಎರಡು ದಿನ ನೀವಿದರೆ ಹೋಗುತ್ತೆ’ ಎಂದು ಮನೆಯಲ್ಲೇ ಉಳಿದುಬಿಡುವವರಿದ್ದಾರೆ. ಎಣ್ಣೆ ಹಚ್ಚಿ ನೀವುವುದು ಈ ಹೊತ್ತಿನಲ್ಲಿ ಮಾಡಬಹುದಾದ ಅತಿ ಕೆಟ್ಟ ಕೆಲಸ. ಒಳಗೆ ರಕ್ತ ಜಿನುಗುತ್ತಿರುತ್ತದೆ, ಮುರಿದ ಪಕ್ಕೆಲುಬಿನ ಮೊನೆ ಶ್ವಾಸಕೋಶದ ಪಕ್ಕದಲ್ಲೇ ಇರಬಹುದು.

ರಸ್ತೆಯಲ್ಲಿ ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎಬ್ಬಿಸಬಾರದು. ಬೈಕಿನ ಹಿಂದೆ ಕೂರಿಸಿ ಆಸ್ಪತ್ರೆಗೆ ಒಯ್ಯುವುದೂ ಸಲ್ಲ. ಕುತ್ತಿಗೆ, ಬೆನ್ನು ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ಎಚ್ಚರವಿದ್ದು ತಾವಾಗಿಯೇ ಎದ್ದು ಕೂತವರ ತೋಳನ್ನು ಹಿಡಿದು ನಿಲ್ಲಿಸಲು ರೈತರ ಹೆಗಲ ಮೇಲಿನ ಟವೆಲ್ ಸಾಕು: ಮೊಣಕೈಯನ್ನು ಮಡಚಿ ಮುಂಗೈಯನ್ನು ಹೊಟ್ಟೆಗೆ ಅಡ್ಡಲಾಗಿ ಇರಿಸಿ, ಟವೆಲನ್ನು ಅದರಡಿ ಹಾಯಿಸಿ ಎರಡು ತುದಿಗಳನ್ನು ಕುತ್ತಿಗೆಯ ಪಕ್ಕದಲ್ಲಿ ಗಂಟು ಹಾಕುವುದು, ಗಂಟು ಪೆಟ್ಟಾಗದ ಬದಿಗೆ ಬರಲಿ. ಇನ್ನೊಂದು ಬಟ್ಟೆಯಿಂದ ತೋಳನ್ನು ಮೈಗೆ ಸಡಿಲವಾಗಿ ಸುತ್ತಿದರೆ ಆಂಬುಲೆನ್ಸಿನ ಕುಲುಕಾಟದಲ್ಲಿ ನೋವು ಕಡಿಮೆ. ಎದೆಗೆ ಬಿಗಿಯಾಗಿ ಸುತ್ತಿದರೆ ಉಸಿರಾಟಕ್ಕೇ ತೊಂದರೆ. ಏದುಸಿರು, ತುಟಿ ನೀಲಿಗಟ್ಟುವುದು, ಕಫದಲ್ಲಿ ರಕ್ತ, ಬೆರಳು ಜೋಮು ಹಿಡಿಯುವುದು, ಮಣಿಕಟ್ಟಿನಲ್ಲಿ ನಾಡಿ ಸಿಗದಿರುವುದು, ಇವುಗಳಲ್ಲಿ ಒಂದು ಕಂಡರೂ ಕ್ಷಣ ತಡಮಾಡುವಂತಿಲ್ಲ.

ಸಹಾಯಕ್ಕೆ ಹೋದರೆ ಪೊಲೀಸು, ಕೋರ್ಟು ಅಲೆಯಬೇಕಾದೀತೆಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಗಾಯಾಳುವಿಗೆ ನೆರವಾದವರನ್ನು ರಕ್ಷಿಸಲು ಕರ್ನಾಟಕ ಪ್ರತ್ಯೇಕ ಕಾನೂನನ್ನೇ ಮಾಡಿದೆ. ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. ರಸ್ತೆ ಅಪಘಾತದ ಗಾಯಾಳುಗಳಿಗೆ ಅಪಘಾತವಾದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಅದು ಸಿಗುವುದು ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಎಂಬುದು ನೆನಪಿರಬೇಕು.

ಹಂಗಳದಿಂದ ಗುಂಡ್ಲುಪೇಟೆಯ ಸಾರ್ವಜನಿಕ ಆಸ್ಪತ್ರೆ ಸುಮಾರು 10 ಕಿ.ಮೀ. ಎದೆಯ ಗಾಯ, ಸಿ.ಟಿ. ಸ್ಕ್ಯಾನ್, ಶಸ್ತ್ರಚಿಕಿತ್ಸೆ ಎಂದಾದರೆ ಗುಂಡ್ಲುಪೇಟೆಯಿಂದ ಮುಂದೆ ಎರಡು ದಾರಿ. ಸುಮಾರು 35 ಕಿ.ಮೀ. ದೂರದ ಚಾಮರಾಜನಗರದಲ್ಲಿ 2016ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅದಕ್ಕೆ ಸೇರಿದ 450 ಹಾಸಿಗೆಗಳ ಬೋಧನಾ ಆಸ್ಪತ್ರೆ ಯಡಪುರದ ಬಳಿ 2021ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಇನ್ನೊಂದು ದಾರಿ ಸುಮಾರು 60 ಕಿ.ಮೀ. ದೂರದ ಮೈಸೂರಿನದು. ಅಲ್ಲಿನ ಕೆ.ಆರ್. ಆಸ್ಪತ್ರೆ ತಲೆಮಾರುಗಳಿಂದ ಈ ಭಾಗದವರ ಕೊನೆಯ ಆಸರೆ.

ಆಸ್ಪತ್ರೆಯಲ್ಲಿ ಮೊದಲು ನೋಡುವುದು ಹೆಗಲನ್ನಲ್ಲ. ಉಸಿರು, ರಕ್ತದೊತ್ತಡ, ಪ್ರಜ್ಞೆ, ಕುತ್ತಿಗೆ ಇವೆಲ್ಲ ಆದ ಮೇಲೆ ಎದೆಯ ಎಕ್ಸ್‌ರೇ. ಶ್ವಾಸಕೋಶದ ಸುತ್ತ ಗಾಳಿ ಅಥವಾ ರಕ್ತ ತುಂಬಿದ್ದರೆ ಪಕ್ಕೆಯಲ್ಲಿ ನಳಿಕೆ ಇಳಿಸಿ ಹೊರತೆಗೆಯುತ್ತಾರೆ. ಈ ಗಡಿಬಿಡಿಯಲ್ಲಿ ಹೆಗಲ ಹಲಗೆಯ ಮುರಿತ ಕಣ್ಣುತಪ್ಪಿ ಹೋಗುವುದು ಅಪರೂಪವಲ್ಲ. ಎದೆಯ ಎಕ್ಸ್‌ರೇಯಲ್ಲಿ ಪಕ್ಕೆಲುಬುಗಳ ನೆರಳಿನ ಹಿಂದೆ ಹಲಗೆಯ ಬಿರುಕು ಮರೆಯಾಗಿರುತ್ತದೆ. ಒಂದು ವಾರ ಕಳೆದು ಉಳಿದೆಲ್ಲ ನೋವು ತಗ್ಗಿದರೂ ತೋಳು ಎತ್ತಲಾಗದಿದ್ದರೆ ‘ಹೆಗಲ ಹಲಗೆ ನೋಡಿದಿರಾ?’ ಎಂದು ರೋಗಿಯ ಕಡೆಯವರು ಕೇಳುವುದರಲ್ಲಿ ತಪ್ಪಿಲ್ಲ. ಅದಕ್ಕೆಂದೇ ಬೇರೆ ಕೋನಗಳಿಂದ ಎಕ್ಸ್‌ರೇ ತೆಗೆಯಬೇಕು. ಬಿರುಕು ಕುಳಿಯವರೆಗೆ ಹೋಗಿದೆಯೇ, ಚೂರುಗಳು ಎಷ್ಟು ಸರಿದಿವೆ ಎಂಬುದು ಸ್ಪಷ್ಟವಾಗುವುದು ಸಿ.ಟಿ. ಸ್ಕ್ಯಾನಿನಲ್ಲಿ.

ಮುರಿತ ಎಲ್ಲಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹೆಚ್ಚಿನವು ಹಲಗೆಯ ಅಗಲವಾದ ಭಾಗದಲ್ಲಿ, ಅದರ ನಂತರ ಕುಳಿಗೂ ಹಲಗೆಗೂ ನಡುವಿನ ಕತ್ತಿನಲ್ಲಿ. ಕುಳಿಯೇ ಒಡೆಯುವುದು ಕಡಿಮೆ, ಆದರೆ ಹೆಚ್ಚು ತಲೆನೋವಿನದು. ಹೆಗಲ ತುದಿ ಮತ್ತು ಮುಂಭಾಗದ ಕೊಕ್ಕೆಯಾಕಾರದ ಮೊನೆ ಇನ್ನೂ ಅಪರೂಪ. ಹಲಗೆಯ ಕತ್ತು ಮತ್ತು ಕೊರಳೆಲುಬು ಎರಡೂ ಒಟ್ಟಿಗೆ ಮುರಿದರೆ ತೋಳಿಗೂ ಮೈಗೂ ಮೂಳೆಯ ಸಂಬಂಧವೇ ತಪ್ಪಿಹೋಗುತ್ತದೆ. ಅದನ್ನು ವೈದ್ಯರು ‘ತೇಲುವ ಭುಜ’ ಎನ್ನುತ್ತಾರೆ.

ರೋಗಿಗಳಿಗೆ ಆಶ್ಚರ್ಯವಾಗುವ ಸಂಗತಿಯೆಂದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಆಪರೇಷನ್ ಬೇಕಿಲ್ಲ, ಪ್ಲಾಸ್ಟರೂ ಇಲ್ಲ. ಒಂದು ಸ್ಲಿಂಗ್, ನೋವಿನ ಮಾತ್ರೆ, ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಇಷ್ಟೇ. ಇಷ್ಟು ದೊಡ್ಡ ಪೆಟ್ಟಿಗೆ ಇಷ್ಟೇನಾ ಎಂದು ಡಾಕ್ಟರ ಮೇಲೆ ಅನುಮಾನ ಹುಟ್ಟುವುದೂ ಉಂಟು. ಹಲಗೆಯ ಸುತ್ತಲೂ ರಕ್ತ ಸಂಚಾರ ತುಂಬಿದ ಸ್ನಾಯುಗಳಿರುವುದರಿಂದ ಮುರಿದ ತುಂಡುಗಳು ಹೆಚ್ಚು ದೂರ ಸರಿಯುವುದಿಲ್ಲ, ಸುಮಾರು ಆರು ವಾರದಲ್ಲಿ ಕೂಡಿಕೊಳ್ಳುತ್ತವೆ. ಕೂಡದೆ ಉಳಿಯುವುದು ಬಹಳ ವಿರಳ. ತುಸು ಸೊಟ್ಟವಾಗಿ ಕೂಡಿದರೂ ಕೈಕೆಲಸಕ್ಕೆ ಸಾಮಾನ್ಯವಾಗಿ ಅಡ್ಡಿಯಾಗದು.

ಮೂಳೆ ಕಟ್ಟುವವರ ಹೆಸರು ಈ ಸೀಮೆಯಲ್ಲಿ ಗಟ್ಟಿಯಾಗಿ ಉಳಿದಿರುವುದಕ್ಕೂ ಇದಕ್ಕೂ ಸಂಬಂಧವಿದೆ. ಆಂಧ್ರದ ಪುತ್ತೂರಿನ ಹೆಸರು ಹೊತ್ತ ‘ಪುತ್ತೂರು ಕಟ್ಟು’ ಬೋರ್ಡುಗಳು ಕರ್ನಾಟಕದ ಎಷ್ಟೋ ಪೇಟೆಗಳಲ್ಲಿವೆ. ಯಾರು ಕಟ್ಟಿದರೂ, ಕಟ್ಟದಿದ್ದರೂ ಕೂಡಿಕೊಳ್ಳುವ ಮೂಳೆಯೊಂದು ಕೂಡಿಕೊಂಡಾಗ ಹೆಸರು ಬರುವುದು ಕಟ್ಟಿದವರಿಗೆ. ಪ್ರಶ್ನೆ ಅವರ ಕೈಗುಣದ್ದಲ್ಲ. ಉಸಿರಾಡಿದಂತೆಲ್ಲ ಕದಲುವ ಈ ಹಲಗೆಯನ್ನು ಬಿದಿರ ದಬ್ಬೆಯಿಂದ ನಿಲ್ಲಿಸಲಾಗದು, ಎದೆ ಸುತ್ತಿ ಕಟ್ಟಿದರೆ ಶ್ವಾಸಕೋಶ ಹಿಗ್ಗದೆ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಎಕ್ಸ್‌ರೇ ಇಲ್ಲದೆ ಕುಳಿ ಒಡೆದದ್ದು ಗೊತ್ತಾಗುವ ಬಗೆಯೂ ಇಲ್ಲ. ಪ್ರಾಚೀನರಿಗೆ ಮೂಳೆಗಳ ವ್ಯತ್ಯಾಸ ತಿಳಿದಿರಲಿಲ್ಲವೆಂದಲ್ಲ. ಸುಶ್ರುತ ಸಂಹಿತೆ ಹೆಗಲ ಮೂಳೆಯನ್ನು ತಲೆ, ಕೆನ್ನೆ, ನಿತಂಬದ ಮೂಳೆಗಳ ಜೊತೆ ‘ಕಪಾಲ’ ಎಂಬ ಚಪ್ಪಟೆ ಮೂಳೆಗಳ ಗುಂಪಿಗೆ ಸೇರಿಸುತ್ತದೆ. ಕೊಳವೆಯಂಥ ಮೂಳೆಗಳು ಮುರಿಯುತ್ತವೆ, ಇವು ಬಿರಿಯುತ್ತವೆ ಎಂಬ ಭೇದವನ್ನೂ ಅದು ಮಾಡುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಇಂದು ಕಾಣುವುದೂ ಹೆಚ್ಚಾಗಿ ಬಿರುಕುಗಳನ್ನೇ.

ಮೊದಲ ಎರಡು ವಾರ ಕಷ್ಟದವು. ಮಲಗಿದರೆ ಭಾರ ಹಲಗೆಯ ಮೇಲೆಯೇ ಬೀಳುವುದರಿಂದ ಚಾಪೆ, ಮಂಚ ಎರಡೂ ಸೇರುವುದಿಲ್ಲ. ದಿಂಬುಗಳನ್ನು ಒಟ್ಟಿ ಅರೆಒರಗಿ, ಅಥವಾ ಆರಾಮ ಕುರ್ಚಿಯಲ್ಲಿ, ಮೊಣಕೈಯಡಿಗೆ ಒಂದು ಚಿಕ್ಕ ದಿಂಬಿಟ್ಟುಕೊಂಡು ನಿದ್ದೆ ಮಾಡುವುದು ಹೆಚ್ಚಿನವರಿಗೆ ಒಗ್ಗುತ್ತದೆ. ಅಂಗಿ ಹಾಕುವಾಗ ಪೆಟ್ಟಾದ ಕೈಯನ್ನು ಮೊದಲು ತೂರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು. ತಲೆಯ ಮೇಲಿಂದ ಹಾಕುವ ಬನಿಯನ್ನು, ಟೀಶರ್ಟು ಕೆಲವು ವಾರ ಬೇಡ. ಮುಂದೆ ಗುಂಡಿಯಿರುವ ಬಟ್ಟೆ ಗಂಡಸರಿಗೂ ಹೆಂಗಸರಿಗೂ ಅನುಕೂಲ. ಸ್ನಾನಕ್ಕೆ ಸ್ಲಿಂಗ್ ತೆಗೆದು, ಸೊಂಟ ತುಸು ಬಗ್ಗಿಸಿ ತೋಳನ್ನು ಜೋತುಬಿಟ್ಟರೆ ಕಂಕುಳು ತೊಳೆಯಲು ಎಡೆ ಸಿಗುತ್ತದೆ. ಸೆಖೆಯ ತಿಂಗಳಲ್ಲಿ ಕಂಕುಳು ಒದ್ದೆಯಾಗಿ ಹುಣ್ಣಾಗುವುದು ಸಣ್ಣ ವಿಷಯವೆನಿಸಿದರೂ ರೋಗಿಯನ್ನು ಗೋಳುಗುಟ್ಟಿಸುತ್ತದೆ.

ಪಕ್ಕೆಲುಬೂ ಮುರಿದಿದ್ದರೆ ಆಸ್ಪತ್ರೆಯವರು ಮೂರು ಬಣ್ಣದ ಚೆಂಡುಗಳಿರುವ ಪ್ಲಾಸ್ಟಿಕ್ ಉಪಕರಣವೊಂದನ್ನು ಕೈಗೆ ಕೊಡುತ್ತಾರೆ. ನೂಕುನುಗ್ಗಲಿನ ವಾರ್ಡಿನಲ್ಲಿ ಅದನ್ನು ಬಳಸುವ ಬಗೆ ಹೇಳಿಕೊಡುವಷ್ಟು ಪುರಸೊತ್ತು ಎಲ್ಲರಿಗೂ ಇರುವುದಿಲ್ಲ. ಕೊಳವೆ ಕಂಡೊಡನೆ ಊದುವುದು ಸಹಜ, ಚೆಂಡು ಮೇಲೇಳುವುದಿಲ್ಲ, ಕೆಟ್ಟುಹೋಗಿದೆಯೆಂದು ಅದು ಮಂಚದಡಿ ಸೇರುತ್ತದೆ. ಅದನ್ನು ಊದಬಾರದು, ಉಸಿರನ್ನು ಒಳಗೆ ಎಳೆಯಬೇಕು. ನಿಧಾನವಾಗಿ ಎಳೆದು, ಚೆಂಡನ್ನು ಮೇಲೆ ನಿಲ್ಲಿಸಿ, ಎರಡು ಮೂರು ಸೆಕೆಂಡು ತಡೆದು ಬಿಡಬೇಕು. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ಹೀಗೆ ಮಾಡಿದರೆ ಶ್ವಾಸಕೋಶದ ತಳ ತೆರೆದುಕೊಳ್ಳುತ್ತದೆ. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅಪ್ಪಿಕೊಂಡು ಕೆಮ್ಮಿದರೆ ನೋವು ಸಹಿಸಬಹುದು. ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳಬೇಕಾದದ್ದು ಇದಕ್ಕಾಗಿಯೇ: ನೋವಿಗೆ ಹೆದರಿ ಕೆಮ್ಮದಿದ್ದರೆ ಕಫ ಒಳಗೇ ಉಳಿಯುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು ಅದನ್ನು ಮೊದಲೇ ಹೇಳಬೇಕು. ಮೆಡಿಕಲ್ ಸ್ಟೋರಿನಲ್ಲಿ ಬಾಯಿಮಾತಿಗೆ ಕೊಡುವ ಮಾತ್ರೆ ಇವರಿಗೆ ತಕ್ಕದ್ದಲ್ಲ.

ಆರಂಭದ ಅಪಾಯ ಎದೆಯದಾದರೆ ಆಮೇಲಿನದು ಬಿಗಿತದ್ದು. ಕೈಯನ್ನು ಸ್ಲಿಂಗಿನಲ್ಲಿಟ್ಟು ಎರಡು ಮೂರು ತಿಂಗಳು ಅಲ್ಲಾಡಿಸದಿದ್ದರೆ ಮೂಳೆ ಗಟ್ಟಿಯಾಗುತ್ತದೆ, ಭುಜವೂ ಕಟ್ಟಿಕೊಳ್ಳುತ್ತದೆ. ಮನೆಯವರ ಅಕ್ಕರೆ ಇಲ್ಲಿ ಶತ್ರು. ‘ಆಡಿಸಬೇಡಿ, ಮತ್ತೆ ಮುರಿದೀತು’ ಎಂಬ ಮಾತು ಎಷ್ಟೋ ಭುಜಗಳನ್ನು ಹಾಳುಮಾಡಿದೆ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಮಡಚಿ ಬಿಚ್ಚುತ್ತಿರಬೇಕು. ನೋವು ತಗ್ಗುತ್ತಿದ್ದಂತೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ, ಡಾಕ್ಟರು ತೋಳು ತೂಗುವ ವ್ಯಾಯಾಮಕ್ಕೆ ಒಪ್ಪಿಗೆ ಕೊಡುತ್ತಾರೆ. ಸರಿಯಿರುವ ಕೈಯನ್ನು ಮೇಜಿನ ಅಥವಾ ಕಟ್ಟೆಯ ಮೇಲೆ ಊರಿ, ಸೊಂಟ ಬಗ್ಗಿಸಿ, ಪೆಟ್ಟಾದ ತೋಳನ್ನು ಸಡಿಲವಾಗಿ ಜೋತುಬಿಟ್ಟು, ಮೈಯನ್ನು ಹಿಂದೆ ಮುಂದೆ ತೂಗಬೇಕು. ತೋಳು ತಾನಾಗಿಯೇ ಸಣ್ಣ ಸುತ್ತು ಹಾಕುತ್ತದೆ. ಭುಜದ ಬಲದಿಂದ ಕೈಯನ್ನು ಬೀಸುವುದಲ್ಲ ಎಂಬುದು ಇಲ್ಲಿನ ಗುಟ್ಟು.

ಎರಡು ಮೂರು ವಾರಕ್ಕೆ ಸ್ಲಿಂಗ್ ಬಿಡುವ ಕಾಲ. ಆಗ ಅಂಗಾತ ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು, ಸರಿಯಿರುವ ಕೈಯ ಬಲದಿಂದ ಇನ್ನೊಂದನ್ನು ತಲೆಯ ಕಡೆಗೆ ಏರಿಸುವುದು. ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ಹತ್ತಿಸುವುದು. ತಲುಪಿದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರೆ ವಾರದಿಂದ ವಾರಕ್ಕೆ ಏರಿದ್ದು ಕಾಣುತ್ತದೆ, ಹುಮ್ಮಸ್ಸೂ ಬರುತ್ತದೆ. ಎರಡೂ ಹಲಗೆಗಳನ್ನು ಬೆನ್ನ ನಡುವಿಗೆ ಎಳೆದು ಐದು ಎಣಿಸಿ ಬಿಡುವ ವ್ಯಾಯಾಮವನ್ನು ಜನ ಹಗುರವಾಗಿ ಕಾಣುತ್ತಾರೆ. ಆದರೆ ಕೈ ಎತ್ತುವುದರಲ್ಲಿ ಹಲಗೆಯ 60 ಡಿಗ್ರಿಯ ಪಾಲು ಮರಳಿ ಬರುವುದು ಅದರಿಂದಲೇ. ಸ್ವಂತ ಬಲದಿಂದ ಕೈ ಎತ್ತುವುದು ನಾಲ್ಕರಿಂದ ಆರು ವಾರದ ಹೊತ್ತಿಗೆ. ರಬ್ಬರ್ ಪಟ್ಟಿ, ಸಣ್ಣ ತೂಕ ಎಂಟು ಹತ್ತು ವಾರದ ಮೇಲೆ, ಎಕ್ಸ್‌ರೇ ನೋಡಿದ ನಂತರ. ವ್ಯಾಯಾಮದ ನೋವು ಅರ್ಧ ಗಂಟೆಯಲ್ಲಿ ತಣಿದರೆ ಸರಿ, ರಾತ್ರಿಯಿಡೀ ಕಾಡಿದರೆ ಅಂದು ಹೆಚ್ಚಾಯಿತೆಂದು ಅರ್ಥ.

ಕೂತು ಮಾಡುವ ಕೆಲಸಕ್ಕೆ ಕೆಲವೇ ವಾರಗಳಲ್ಲಿ ಹಿಂತಿರುಗಬಹುದು. ಹಂಗಳದಂಥ ಊರಲ್ಲಿ ಕೆಲಸವೆಂದರೆ ಅದಲ್ಲ. ಸಣ್ಣ ಈರುಳ್ಳಿ, ಕೋಸಿನ ಮೂಟೆಯನ್ನು ಹೆಗಲಿಗೇರಿಸುವುದು, ಅರಿಶಿನ ಅಗೆಯುವುದು, ಬೆನ್ನಿಗೆ ಸ್ಪ್ರೇ ಟ್ಯಾಂಕು ಕಟ್ಟಿಕೊಳ್ಳುವುದು. ಹದಿನಾರು ಲೀಟರಿನ ಟ್ಯಾಂಕಿನ ತಳ ಕೂರುವುದು ಬೆನ್ನ ಮೇಲೆ, ಪಟ್ಟಿಗಳು ಒತ್ತುವುದು ಹೆಗಲ ಮೇಲೆ. ಇವೆಲ್ಲಕ್ಕೆ ಮೂರು ನಾಲ್ಕು ತಿಂಗಳಾದರೂ ಕಾಯಬೇಕು. ಬೈಕು ಓಡಿಸಲು ಎರಡೂ ಕೈಯಿಂದ ನೋವಿಲ್ಲದೆ ಹ್ಯಾಂಡಲ್ ಬಿಗಿಹಿಡಿದು ಬ್ರೇಕ್ ಒತ್ತುವಂತಿರಬೇಕು. ಪೂರ್ತಿ ಬಲ ಮರಳಲು ಆರು ತಿಂಗಳಿಂದ ಒಂದು ವರ್ಷ. ಕೂಲಿಯನ್ನೇ ನಂಬಿದವರು ಇಷ್ಟು ಕಾಯುವುದು ಹೇಗೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ.

ಉಳಿದ ಆ ಹತ್ತರಲ್ಲೊಬ್ಬರಿಗೆ ಶಸ್ತ್ರಚಿಕಿತ್ಸೆ. ಕುಳಿಯ ಮೇಲ್ಮೈ ನಾಲ್ಕೈದು ಮಿಲಿಮೀಟರಿಗಿಂತ ಹೆಚ್ಚು ಏರುಪೇರಾಗಿದ್ದರೆ, ಭುಜ ಪದೇ ಪದೇ ಜಾರುತ್ತಿದ್ದರೆ, ಹಲಗೆಯ ತುಂಡುಗಳು ಎರಡು ಸೆಂಟಿಮೀಟರಿನಷ್ಟು ಸರಿದಿದ್ದರೆ ಅಥವಾ 45 ಡಿಗ್ರಿಯಷ್ಟು ಬಾಗಿದ್ದರೆ, ತೇಲುವ ಭುಜದಲ್ಲಿ ಸರಿತ ಹೆಚ್ಚಿದ್ದರೆ ಇದರ ಮಾತು ಬರುತ್ತದೆ. ಬೆನ್ನ ಕಡೆಯಿಂದ ಹಲಗೆಯನ್ನು ತಲುಪುವ ಹೆಸರಾಂತ ದಾರಿಯೊಂದಕ್ಕೆ ಫ್ರಾನ್ಸಿನ ಮೂಳೆ ಶಸ್ತ್ರಜ್ಞ ಜುಡೆಯ ಹೆಸರಿದೆ. ಜನ ‘ರಾಡ್ ಹಾಕಿದರು’ ಎನ್ನುತ್ತಾರಾದರೂ ಇಲ್ಲಿ ಹಾಕುವುದು ತೆಳು ಪ್ಲೇಟು ಮತ್ತು ಸ್ಕ್ರೂಗಳನ್ನು, ಅದೂ ಮೂಳೆ ದಪ್ಪವಿರುವ ಅಂಚುಗಳಿಗೆ. ನಡುವಿನ ತೆಳು ಭಾಗದಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಆಪರೇಷನ್ನಿನ ದೊಡ್ಡ ಲಾಭ, ಒಂದೆರಡು ದಿನದಲ್ಲೇ ಭುಜವನ್ನು ಆಡಿಸಲು ಶುರುಮಾಡಬಹುದು. ಸೋಂಕು, ನರಕ್ಕೆ ಪೆಟ್ಟು ಇದರ ಅಪಾಯಗಳು. ತುರ್ತಾಗಿ ಅಂದೇ ಮಾಡಬೇಕಾದದ್ದಲ್ಲವಾದ್ದರಿಂದ ಎದೆಯ ಗಾಯ ಸುಧಾರಿಸುವವರೆಗೆ ಕೆಲವು ದಿನ ಕಾಯುತ್ತಾರೆ, ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲೂ ಸಮಯವಿರುತ್ತದೆ.

ಊಟದ ವಿಚಾರದಲ್ಲಿ ಕಾಲು ಸೂಪಿನ ಮೇಲೆ ಇರುವಷ್ಟು ನಂಬಿಕೆ ಮುದ್ದೆಯ ಮೇಲೆ ಇಲ್ಲದಿರುವುದು ವಿಚಿತ್ರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲೊಂದು ಪಾಲೂ ಇಲ್ಲ. ರಾಗಿಯ ಜೊತೆ ಹುರುಳಿ, ಸೊಪ್ಪು, ಹಾಲು, ಮೊಟ್ಟೆ, ಬೆಳಗಿನ ಬಿಸಿಲು ಇದ್ದರೆ ಮೂಳೆಗೆ ಬೇಕಾದ್ದು ಬಹುಪಾಲು ಸಿಕ್ಕಂತೆ. ಬೀಡಿ ಸಿಗರೇಟು ಮೂಳೆ ಕೂಡುವುದನ್ನು ನಿಧಾನಿಸುತ್ತವೆ. ಸಕ್ಕರೆ ಕಾಯಿಲೆಯವರಿಗೆ ಭುಜ ಕಟ್ಟಿಕೊಳ್ಳುವ ಸಾಧ್ಯತೆ ಇತರರಿಗಿಂತ ಹೆಚ್ಚು, ಅವರು ಫಿಸಿಯೋಥೆರಪಿಯನ್ನು ತಪ್ಪಿಸುವಂತಿಲ್ಲ.

ಎಲ್ಲ ಮುಗಿದ ಮೇಲೂ ಕೆಲವರಿಗೆ ತೋಳು ಎತ್ತುವಾಗ ಬೆನ್ನಲ್ಲಿ ಕಟಕಟ ಸದ್ದು ಉಳಿಯುತ್ತದೆ. ಹಲಗೆಯ ಒಳಮೈ ಒರಟಾಗಿ ಕೂಡಿ ಪಕ್ಕೆಲುಬಿಗೆ ಉಜ್ಜುವುದು ಇದಕ್ಕೆ ಕಾರಣ. ನೋವಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಹೆಗಲ ಹಿಂದಿನ ಮಾಂಸಖಂಡ ಬತ್ತುತ್ತಿದ್ದರೆ, ತೋಳನ್ನು ಹೊರಕ್ಕೆ ತಿರುಗಿಸುವ ಬಲ ಮರಳದಿದ್ದರೆ ಹಲಗೆಯ ಅಂಚಿನಲ್ಲಿ ಹಾದುಹೋಗುವ ನರಕ್ಕೆ ಪೆಟ್ಟಾಗಿರಬಹುದು. ಅದನ್ನು ನರಪರೀಕ್ಷೆಯಿಂದ ಗುರುತಿಸುತ್ತಾರೆ. ಇಂಥ ನರಗಳು ಎಷ್ಟೋ ಸಲ ತಾವಾಗಿಯೇ ಚೇತರಿಸಿಕೊಳ್ಳುತ್ತವೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಕಾಗದಪತ್ರಗಳ ಮಾತೊಂದು ಉಳಿದಿದೆ. ರಸ್ತೆ ಅಪಘಾತವಾದರೆ ಆಸ್ಪತ್ರೆಯಲ್ಲಿ ಮೊದಲ ದಿನವೇ ಮೆಡಿಕೋ ಲೀಗಲ್ ಪ್ರಕರಣವೆಂದು ದಾಖಲಾಗಬೇಕು. ಗಾಯದ ಪ್ರಮಾಣಪತ್ರ, ಎಕ್ಸ್‌ರೇ ಫಿಲ್ಮುಗಳು, ಡಿಸ್ಚಾರ್ಜ್ ಪತ್ರ, ಔಷಧಿಯ ಬಿಲ್ಲುಗಳನ್ನು ಒಂದೇ ಚೀಲದಲ್ಲಿ ಜೋಪಾನ ಮಾಡಬೇಕು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಮಾತಾಡುವುದು ಈ ಕಾಗದಗಳೇ. ಮೊದಲ ದಿನ ಕಣ್ಣುತಪ್ಪಿ, ಆಮೇಲೆ ಪತ್ತೆಯಾದ ಹೆಗಲ ಹಲಗೆಯ ಮುರಿತವನ್ನು ಅದೇ ದಾಖಲೆಗೆ ಬರೆದು ಸೇರಿಸುವಂತೆ ಡಾಕ್ಟರನ್ನು ಕೇಳಬೇಕು. ಕೈಯ ಚಲನೆ ಎಷ್ಟು ಉಳಿಯಿತು, ಎಷ್ಟು ಕಳೆಯಿತು ಎಂದು ಅಳೆದು ಕೊಡುವ ಪ್ರಮಾಣಪತ್ರವನ್ನು ಮೂಳೆ ಕೂಡಿ, ವ್ಯಾಯಾಮ ಮುಗಿದು, ಭುಜ ಒಂದು ಸ್ಥಿತಿಗೆ ಬಂದು ನಿಂತ ಮೇಲೆ ಪಡೆಯುವುದು ಸರಿಯಾದ ಕ್ರಮ.